ಗಿಣ್ಣು ಕುಡಿದ ಮಿಷಿನ್ನು

ಪುಟ್ಟಮಾದಿಯ ಹಾಲನ್ನು ಸಂಘದ ಮುಂದಿನ ಚರಂಡಿಗೆ ಸುರಿದರು. ಆ ಹಾಲಿನಲ್ಲಿ ನೀರಿರಲಿಲ್ಲ.

ಸುರಿದ ಕೈ ಹಾಲಿನ ಸಂಘದ ಕಾರ್ಯದರ್ಶಿ ಚಿಕ್ಕಮಾದಯ್ಯನದು. ಸುರಿಯೆಂದ ಬಾಯಿ ಅಧ್ಯಕ್ಷ ದೊಡ್ಡಬೀರಯ್ಯನದು. ಈ ಹಾಲನ್ನೇ ಸುರಿಯಿರಿ ಎಂದು ತೋರಿಸಿಕೊಟ್ಟದ್ದು ಒಂದು ಮಿಷಿನ್ನಿನ ಮುಳ್ಳು. ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ತಾಳವಾಡಿಗೂ ತಿಗನಾರೆಗೂ ನಡುವೆ ಎಂದಷ್ಟೇ ಹೇಳಿದರೆ ನಡುವಿನ ಊರಿನವರೆಲ್ಲ ನಮ್ಮೂರಲ್ಲ, ಪಕ್ಕದೂರು ಎಂದು ಆಣೆ ಇಡುತ್ತಾರೆ. ಅಷ್ಟು ಸಾಕು.

ಚಿಕ್ಕಮಾದಯ್ಯ ಕೆಟ್ಟವನಲ್ಲ. ಈ ಮಾತನ್ನು ಅವನ ಪರವಾಗಿ ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಸಂದರ್ಭ ಸಿಗುವುದಿಲ್ಲ. ಒಮ್ಮೆ ಅವನ ಮನೆಯ ರೇಡಿಯೋ ಮೂಕಾದಾಗ ಸಿಟ್ಟಿನಿಂದ ಅದರ ತಲೆಗೊಂದು ಏಟು ಹಾಕಿದ. ಅದು ಹಾಡತೊಡಗಿತು. ಅಂದಿನಿಂದ ಊರಿನಲ್ಲಿ ಅವನು ಕರೆಂಟಿನ ಮರ್ಮ ಬಲ್ಲವನು. ಆ ಹೆಸರನ್ನು ಅವನು ಕೇಳಿ ಪಡೆದದ್ದಲ್ಲ, ಆದರೆ ಬೇಡವೆಂದು ಯಾರಿಗೂ ಹೇಳಲಿಲ್ಲ. ಬೆಟ್ಟದ ಕೆಳಗಿನ ದೊಡ್ಡ ಡೈರಿಯವರು "ಹಾಲು ಅಳೆಯುವ ಮಿಷಿನ್ನು ಕೊಡುತ್ತೇವೆ, ಕಲಿಯಲು ಒಬ್ಬರನ್ನು ಕಳಿಸಿ" ಎಂದಾಗ ದೊಡ್ಡಬೀರಯ್ಯ ಎರಡನೆಯ ಹೆಸರನ್ನು ಯೋಚಿಸಲಿಲ್ಲ.

"ರೇಡಿಯಾಗೆ ಒಡ್ದು ಆಡ್ಸಿದೋನು ಕಣ ಇವ. ಇವ್ನೇ ಓಗ್ಲಿ" ಎಂದ.

ಆಡುವುದು ಕನ್ನಡವಾದರೂ ಊರು ಸೇರಿದ್ದು ತಮಿಳು ಸೀಮೆಗೆ, ಹಾಗಾಗಿ ತರಬೇತಿ ತಮಿಳಿನಲ್ಲಿತ್ತು. ಚಿಕ್ಕಮಾದಯ್ಯನದು ಸಂತೆಯ ತಮಿಳು. ಬೆಲೆ ಕೇಳಲು, ಬೈಯಲು, ಬಸ್ಸು ಹತ್ತಲು ಸಾಕಾಗುವಷ್ಟು. ಆದರೂ ಅವನು ಕಿವಿಗೊಟ್ಟು ಕೂತ. ಮಿಷಿನ್ನು ಬಲು ಸೂಕ್ಷ್ಮ. ಅದನ್ನಿಡುವ ಜಾಗ ಮಟ್ಟವಾಗಿರಬೇಕು, ಅಲುಗಬಾರದು, ಕರೆಂಟು ಏರಿಳಿಯಬಾರದು. ಮೊದಲ ಸಲ ನಡೆಸುವ ಮುಂಚೆ ಒಂದಿಷ್ಟು ನೀರು ಸೋಕದ, ನಂಬಿಕೆಯ ಹಾಲನ್ನು ಅದಕ್ಕೆ ಹುಯ್ದು, ತಿರುಪು ತಿರುಗಿಸಿ ಮುಳ್ಳನ್ನು ಕೆಂಪು ಗೆರೆಯ ಮೇಲೆ ನಿಲ್ಲಿಸಬೇಕು. ಆಮೇಲೆ ತಿರುಪಿಗೆ ಅರಗು ಹಾಕಿಬಿಡಬೇಕು. ಅಲ್ಲಿಂದ ಮುಂದೆ ಮಿಷಿನ್ನು ಲೋಕದ ಹಾಲನ್ನೆಲ್ಲ ಆ ಮೊದಲ ಹಾಲಿಗೆ ಹೋಲಿಸಿಯೇ ಅಳೆಯುತ್ತದೆ. ಗಟ್ಟಿಯಾದರೆ ಮುಳ್ಳು ಗೆರೆ ಮುಟ್ಟುತ್ತದೆ, ನೀರಾದರೆ ಎಡಕ್ಕೆ ಬೀಳುತ್ತದೆ. ಇಲ್ಲಿಯವರೆಗೂ ಅವನು ಎಚ್ಚರವಾಗಿದ್ದ. ಆ ಮೊದಲ ಹಾಲು ಎಂಥದ್ದಾಗಿರಬಾರದು ಎಂದು ಹೇಳುವ ಹೊತ್ತಿಗೆ ಊಟದಲ್ಲಿ ಬಡಿಸಿದ್ದ ಪಾಯಸ ತನ್ನ ಕೆಲಸ ಮುಗಿಸಿತ್ತು.

ಮಿಷಿನ್ನಿನ ಪೆಟ್ಟಿಗೆಯನ್ನು ಅವನೇ ಬಸ್ಸಿನಲ್ಲಿ ತಂದ. ಗಾಜಿನ ಸಾಮಾನಿದೆ, ಜೋಪಾನ ಎಂಬುದಕ್ಕೆ ಪೆಟ್ಟಿಗೆಯ ಮೈಮೇಲೆ ನೀಳ ಕಾಲಿನ ಒಂದು ಗ್ಲಾಸಿನ ಚಿತ್ರ ಬರೆದಿದ್ದರು. ಕುಡಿತಕ್ಕೆ ಸರ್ಕಾರ ನಿಷೇಧ ಹಾಕಿದ್ದ ಕಾಲ. ಘಾಟಿಯ ಬುಡದಲ್ಲಿ ಪೊಲೀಸಿನವನು ಆ ಚಿತ್ರ ನೋಡಿದವನೇ ಬಸ್ಸು ನಿಲ್ಲಿಸಿದ.

"ಎನ್ನಯ್ಯಾ ಇದು?"

"ಪಾಲ್ ಮಿಷಿನ್ ಸಾಮಿ."

"ಪಾಲಾ? ಇಂದ ಗ್ಲಾಸ್‌ಲ ಯಾರಯ್ಯಾ ಪಾಲ್ ಕುಡಿಕ್ಕಿರಾಂಗ?"

ಇಂಥ ಗ್ಲಾಸಿನಲ್ಲಿ ಯಾರು ಹಾಲು ಕುಡಿಯುತ್ತಾರೆ ಎಂಬ ಅನುಮಾನ ಚಿಕ್ಕಮಾದಯ್ಯನಿಗೂ ಇತ್ತು. ಪೊಲೀಸಿನವನು ಪೆಟ್ಟಿಗೆ ಬಿಚ್ಚಿಸಿ, ಮಿಷಿನ್ನಿನ ಬಾಯಿಗೆ ಮೂಗಿಟ್ಟು ಮೂಸಿ, ನಿರಾಸೆಯಿಂದ ಮುಚ್ಚಿದ. ಮುಚ್ಚುವಾಗ ಮೇಲು ಕೆಳಗಾಯಿತು. ಘಾಟಿಯ ತಿರುವುಗಳನ್ನೆಲ್ಲ ಮಿಷಿನ್ನು ತಲೆಕೆಳಗಾಗಿಯೇ ಹತ್ತಿತು. ಆದರೂ ಅದಕ್ಕೆ ಏನೂ ಆಗಲಿಲ್ಲ. ಅದರ ಗಂಡಾಂತರ ಊರಿನಲ್ಲಿ ಕಾದಿತ್ತು.

ಸಂಘದ ಮೇಜಿನ ಮೇಲೆ ನೀರು ಚೆಲ್ಲಿ ನೋಡಿದರು. ನೀರು ಅಧ್ಯಕ್ಷರ ಕುರ್ಚಿಯ ಕಡೆಗೇ ಹರಿಯಿತು. ಊರಿನಲ್ಲಿ ಎಲ್ಲವೂ ಆ ಕಡೆಗೇ ಹರಿಯುವುದು ರೂಢಿಯಾದ್ದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಮಟ್ಟವಾಗಿರುವ, ಅಲುಗದ ವಸ್ತು ಊರಲ್ಲಿ ಯಾವುದಿದೆ? ಚಿಕ್ಕಮಾದಯ್ಯ ಯೋಚಿಸಿ ತನ್ನ ಮನೆಯ ರಾಗಿ ಬೀಸುವ ಕಲ್ಲನ್ನು ಹೊರಿಸಿಕೊಂಡು ಬಂದು ಮಿಷಿನ್ನಿಗೆ ಪೀಠ ಮಾಡಿದ. ಆಮೇಲೆ ಕರೆಂಟು. ಪುಟ್ಟಬಸಪ್ಪನ ಹಿಟ್ಟಿನ ಮಿಲ್ಲು ಶುರುವಾದರೆ ಊರಿನ ಬಲ್ಬುಗಳೆಲ್ಲ ಕೆಂಡದಂತೆ ಕೆಂಪಗಾಗುತ್ತಿದ್ದವು. ಹಾಲಿನ ಹೊತ್ತಿನಲ್ಲಿ ಮಿಲ್ಲು ನಿಲ್ಲಿಸಬೇಕೆಂದು ಸಂಘ ತೀರ್ಮಾನ ಮಾಡಿತು.

ತಲೆಯ ಮೇಲೆ ರಾಗಿ ಮಂಕರಿ ಹೊತ್ತು ಬಂದ ನಂಜುಂಡಮ್ಮ ಮುಚ್ಚಿದ ಮಿಲ್ಲು ನೋಡಿ ಸೀದಾ ಸಂಘಕ್ಕೆ ಬಂದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

"ಏನ್ಲಾ ಚಿಕ್ಕಮಾದ, ಆಲ್ ಅಳ್ಯಾಕೆ ಇಟ್ ನಿಲ್ಲುಸ್ದಾ? ಇವತ್ತು ಮುದ್ದೆಯ ನಿನ್ ಮಿಷಿನ್ನಲ್ಲೇ ತೊಳಸ್ಲಾ?"

"ಸೂಕ್ಷ್ಮ ಕಣಕ್ಕಾ ಇದು. ಕರೆಂಟ್ ಕಮ್ಮಿಯಾದ್ರೆ ಇದ್ರ ಜೀವ ಓಯ್ತದೆ."

"ಇಟ್ ಕಮ್ಮಿಯಾದ್ರೆ ನನ್ ಗಂಡನ್ ಜೀವ ಓಯ್ತದೆ. ಅದು ಸೂಕ್ಷ್ಮ ಅಲ್ವಾ?"

ಚಿಕ್ಕಮಾದಯ್ಯನ ಹೆಂಡತಿ ಮಹಾಲಿಂಗಮ್ಮ ಇದಕ್ಕೂ ಒಂದು ಕೈ ಮುಂದೆ. "ಮಿಲ್ನೂ ಮುಚ್ಚುಸ್ದೆ, ಮನೆ ಕಲ್ನೂ ಒತ್ಕಂಡ್ ಬಂದೆ. ಇನ್ನು ರಾಗಿಯ ಅಲ್ಲಲ್ಲಿ ಕಡ್ದು ಇಟ್ ಮಾಡ್ಲಾ ನಾನು? ಯೋಳು!" ಚಿಕ್ಕಮಾದಯ್ಯ ಗಂಭೀರವಾಗಿ ಮಿಷಿನ್ನಿನ ಮೇಲೆ ಕಂಬಳಿ ಹೊದಿಸಿದ. ಗಾಳಿ ಸೋಕಬಾರದು ಎಂದಿದ್ದರು.

ಉಳಿದದ್ದು ನಂಬಿಕೆಯ ಹಾಲು.

"ಒಂದ್ ತೊಟ್ಟೂ ನೀರ್ ಸೋಕ್ದಿರೋ ಆಲು. ಯಾರ್ ಮನೇಲದೆ?" ಎಂದು ಅವನು ಸಂಘದ ಮುಂದೆ ನಿಂತು ಕೇಳಿದ. ಕೇಳಬಾರದ ಪ್ರಶ್ನೆ. ಹಾಲು ತಂದವರೆಲ್ಲ ತಮ್ಮ ತಮ್ಮ ಕ್ಯಾನಿನ ಮುಚ್ಚಳ ಒತ್ತಿ ಹಿಡಿದುಕೊಂಡರು. ನಂಜುಂಡಮ್ಮ "ನಮ್ದೇ ತಕೊ" ಎಂದಾಗ ಎಲ್ಲರೂ ನಕ್ಕರು. ದೊಡ್ಡಬೀರಯ್ಯ "ನಮ್ದಿಲ್ವಾ" ಎಂದಾಗ ಯಾರೂ ನಗಲಿಲ್ಲ, ಸೂರು ನೋಡಿದರು.

ಪುಟ್ಟಮಾದಿ ಸಾಲಿನ ಕೊನೆಯಲ್ಲಿ, ಸಾಲಿನಿಂದ ಎರಡು ಮಾರು ಹಿಂದೆ ನಿಂತಿದ್ದಳು. ಪೋಡೆಂಬ ಕಾಡಂಚಿನ ಸೋಲಿಗರ ಹಾಡಿಯವಳು. ಸರ್ಕಾರ ಕೊಟ್ಟ ಹಸು ಕಟ್ಟಿಕೊಂಡು, ಪೋಡಿನಿಂದ ಸಂಘಕ್ಕೆ ಹಾಲು ತರುತ್ತಿದ್ದವಳು ಅವಳೊಬ್ಬಳೇ. ಅವಳು ಸಂಘದಲ್ಲಿ ಉಳಿದರೆ ಪೋಡಿನ ಇನ್ನೂ ನಾಲ್ಕು ಮನೆಯವರು ತರುವವರಿದ್ದರು. ಅವಳ ಹಾಲಿಗೆ ನೀರು ಸೋಕುವುದಿಲ್ಲವೆಂದು ಚಿಕ್ಕಮಾದಯ್ಯನಿಗೆ ಚೆನ್ನಾಗಿ ತಿಳಿದಿತ್ತು. ಬಾಣಂತನಕ್ಕೆ ಬಂದಿದ್ದ ಮಗಳ ಕೂಸಿಗೆ ಅವನು ಸಂಘದಿಂದ ಒಯ್ಯುತ್ತಿದ್ದದ್ದು ಅವಳ ಕ್ಯಾನಿನ ಹಾಲನ್ನೇ. ಆದರೆ ಅದು ಕೂಸಿನ ವಿಷಯ, ಇದು ಉದ್ಘಾಟನೆಯ ವಿಷಯ. ಅವನ ಕಣ್ಣು ಕಂಬದ ಮೇಲೆ ಹಾಯ್ದಂತೆ ಅವಳ ಮೇಲೆ ಹಾಯ್ದು ಮುಂದೆ ಹೋಯಿತು.

ಆಗ ದೊಡ್ಡಬೀರಯ್ಯನಿಗೆ ಹೊಳೆಯಿತು. ಅಂದು ನಸುಕಿನಲ್ಲಿ ಅವನ ಕೊಟ್ಟಿಗೆಯಲ್ಲಿ ಕೆಂದ ಹಸು ಕರು ಹಾಕಿತ್ತು. ಕರು ಹಾಕಿದ ಹಸುವಿನ ಮೊದಲ ಗಿಣ್ಣುಹಾಲು ಮಾದಪ್ಪ ದೇವರ ಮೀಸಲು. ಅದಕ್ಕೆ ನೀರು ಬೆರೆಸಿದವರ ಹಟ್ಟಿಗೆ ಹುಲಿ ಬರುತ್ತದೆ ಎಂಬುದು ಆ ಬೆಟ್ಟದ ಮೇಲೆ ಎಲ್ಲರೂ ನಂಬಿದ ಮಾತು. ನಾಡಿನಲ್ಲಿ ಯಾರನ್ನು ನಂಬದಿದ್ದರೂ ಮೀಸಲನ್ನು ನಂಬಬಹುದು.

"ಮಾದಪ್ಪಂಗೆ ಒಂದ್ ಲೋಟ, ಮಿಷಿನ್ಗೆ ಒಂದ್ ಲೋಟ" ಎಂದು ದೊಡ್ಡಬೀರಯ್ಯ ತೀರ್ಪು ಕೊಟ್ಟ. ಚಿಕ್ಕಮಾದಯ್ಯ "ಅದೇ ಸರಿ" ಎಂದ. ಇಷ್ಟು ಸುಲಭದ ಉಪಾಯ ತರಬೇತಿಯವರಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಅವರ ಬಗ್ಗೆ ಮರುಕಪಟ್ಟ.

"ಗಿಣ್ಣಾಲ ಯಾರಾರ ಮಿಷಿನ್ಗೆ ಕುಡುಸ್ತಾರಾ? ಕಾಯ್ಸಿ ತಿನ್ನೋದು ಅದು" ಎಂದಳು ಮಹಾಲಿಂಗಮ್ಮ. ಆದರೆ ಬೀಸುವ ಕಲ್ಲಿನ ಸಿಟ್ಟಿನಲ್ಲಿ ಆಡಿದ ಮಾತೆಂದು ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಿಷಿನ್ನಿಗೆ ವಿಭೂತಿ ಬಳಿದರು, ಧೂಪ ಹಾಕಿದರು. ಅರಿಸಿನದ ಬಣ್ಣದ, ಜೇನಿನಷ್ಟು ಮಂದವಾದ ಗಿಣ್ಣುಹಾಲನ್ನು ಅದರ ಬಾಯಿಗೆ ಹುಯ್ದರು. ಮಿಷಿನ್ನು ಬಿಕ್ಕಿತು, ಗುಟುಕರಿಸಿತು. ಮುಳ್ಳು ಎಗರಿ ಬಲಗಡೆಯ ಕೊನೆಗೆ ಬಡಿದು ಅಲ್ಲೇ ನಡುಗುತ್ತ ನಿಂತಿತು. ಚಿಕ್ಕಮಾದಯ್ಯ ತಿರುಪು ತಿರುಗಿಸಿ, ತಿರುಗಿಸಿ, ಓಡಿಹೋದ ಎತ್ತನ್ನು ಎಳೆದು ತಂದಂತೆ ಅದನ್ನು ಕೆಂಪು ಗೆರೆಗೆ ತಂದು ನಿಲ್ಲಿಸಿ ಅರಗು ಹಾಕಿದ. ಜನ ಚಪ್ಪಾಳೆ ತಟ್ಟಿದರು. ಸಂಭ್ರಮದಲ್ಲಿ ಅವನ ಮೊಣಕೈ ತಗುಲಿ, ಇಷ್ಟು ವರ್ಷ ನೀರು ಪತ್ತೆಗೆಂದು ಹಾಲಿನಲ್ಲಿ ತೇಲಿಬಿಟ್ಟು ನೋಡುತ್ತಿದ್ದ ಗಾಜಿನ ಕಡ್ಡಿ ಕೆಳಗೆ ಬಿದ್ದು ಒಡೆಯಿತು.

"ಬುಡು, ಇನ್ಯಾಕ್ ಬೇಕು ಅದು" ಎಂದ ದೊಡ್ಡಬೀರಯ್ಯ.

ಮಾರನೆಯ ಬೆಳಿಗ್ಗೆ ಮೊದಲು ಅಧ್ಯಕ್ಷರ ಇನ್ನೊಂದು ಹಸುವಿನ ಹಾಲು ಹುಯ್ದರು. ಮುಳ್ಳು ಎಡಕ್ಕೆ ಬಿತ್ತು. ದೊಡ್ಡಬೀರಯ್ಯನ ಮುಖ ಒಂದು ಗಳಿಗೆ ಬಿಳುಚಿಕೊಂಡಿತು. "ಕರೆಂಟ್ ಇನ್ನೂ ಬಿಸಿಯಾಗಿಲ್ಲ ಕಣ" ಎಂದ. ನಂಜುಂಡಮ್ಮನ ಹಾಲಿಗೂ ಮುಳ್ಳು ಎಡಕ್ಕೆ. "ನಮ್ ಅಸ ಮಂಜಿನ್ ಉಲ್ಲ ಮೇಯ್ತು, ನಾನ್ ಬ್ಯಾಡ ಅಂದೆ" ಎಂದಳು. ಪುಟ್ಟಬಸಪ್ಪನ ಹಾಲಿಗೂ ಎಡಕ್ಕೆ. "ನನ್ ಮಿಲ್ ನಿಲ್ಸುದ್ರಲ್ಲ, ಅದ್ಕೇ ಮಿಷಿನ್ಗೆ ನನ್ ಮೊಕ ನೋಡಾಕೆ ನಾಚ್ಕೆ" ಎಂದ. ಎಡ, ಎಡ, ಎಡ. ಮಿಷಿನ್ನು ಕೆಟ್ಟಿದೆ ಎಂದು ಒಬ್ಬನಾದರೂ ಹೇಳಬಹುದಿತ್ತು. ಆದರೆ ಎಲ್ಲರೂ ಅಂದು ಬೆಳಿಗ್ಗೆ ತಮ್ಮ ತಮ್ಮ ಕ್ಯಾನಿಗೆ ಅಷ್ಟೋ ಇಷ್ಟೋ ಬೋರಿಂಗ್ ನೀರು ತೋರಿಸಿಯೇ ಬಂದಿದ್ದರು. ಮುಳ್ಳು ನೋಡಿ ಪ್ರತಿಯೊಬ್ಬನಿಗೂ ಅನ್ನಿಸಿದ್ದು ಒಂದೇ: ಇದಕ್ಕೆ ಹೇಗೆ ಗೊತ್ತಾಯಿತು? ಕಳ್ಳರ ಊರಿನಲ್ಲಿ ಕೆಟ್ಟ ಮಿಷಿನ್ನಿಗೆ ಸಿಗುವಷ್ಟು ಮರ್ಯಾದೆ ಸರಿಯಾದ ಮಿಷಿನ್ನಿಗೂ ಸಿಗುವುದಿಲ್ಲ. ಎಲ್ಲರ ಹಾಲೂ ದೊಡ್ಡ ಕ್ಯಾನಿಗೆ ಹೋಯಿತು.

ಕೊನೆಗೆ ಪುಟ್ಟಮಾದಿಯ ಸರದಿ. ಅವಳ ಹಾಲಿಗೆ ಮುಳ್ಳು ಎಡಕ್ಕೇ ಬಿದ್ದರೂ ಮಿಕ್ಕವರ ಹಾಲಿಗಿಂತ ಒಂದು ಕೂದಲೆಳೆ ಬಲಕ್ಕಿತ್ತು. ಅದನ್ನು ಕಂಡವನು ಚಿಕ್ಕಮಾದಯ್ಯ ಒಬ್ಬನೇ.

ಎಷ್ಟೋ ಹೊತ್ತಿನಿಂದ ನೆಪ ಹೇಳಿ ಹೇಳಿ ಸಾಕಾದವರಿಗೆ ಕೊನೆಗೂ ನೆಪ ಬೇಕಿಲ್ಲದ ಒಬ್ಬಳು ಸಿಕ್ಕಿದ್ದಳು.

"ನೀರು" ಎಂದ ದೊಡ್ಡಬೀರಯ್ಯ.

"ನೀರಾ?" ಪುಟ್ಟಮಾದಿಗೆ ಮೊದಲು ಅರ್ಥವೇ ಆಗಲಿಲ್ಲ. "ನಮ್ ಪೋಡಲ್ಲಿ ಕುಡಿಯಾಕೇ ನೀರಿಲ್ಲ ಬುದ್ದಿ. ನಿಮ್ ಬೀದಿ ಬೋರಿಂಗ ನಮ್ಗೆ ಮುಟ್ಟಾಕ್ ಬುಡಾದಿಲ್ಲ. ಅಳ್ಳಕ್ಕೆ ಇಳ್ದು ಬಿಂದ್ಗೆ ಒತ್ಕಂಡ್ ಬತ್ತೀವಿ, ಆನೆ ಬಂದ್ರೆ ಅದ್ನೂ ಬುಟ್ ಓಡ್ತೀವಿ. ಅಂತಾ ನೀರ ತಂದು ಆಲ್ಗೆ ಉಯ್ಯಾಕೆ ನಂಗೇನು ಉಚ್ಚಾ?"

ಪುಟ್ಟಬಸಪ್ಪ ಫಕ್ಕನೆ ನಕ್ಕ. ಅಧ್ಯಕ್ಷರು ನಗದಿರುವುದನ್ನು ಕಂಡು ಅದನ್ನು ಕೆಮ್ಮಿಗೆ ತಿರುಗಿಸಿದ.

"ನೋಡ್ದಾ, ಬೋರಿಂಗ್ ಮಾತ್ ತಗೀತಾಳೆ! ಏನ್ಲಾ ಚಿಕ್ಕಮಾದ, ಮಿಷಿನ್ ಸುಳ್ ಯೋಳ್ತದಾ?" ಎಂದ ದೊಡ್ಡಬೀರಯ್ಯ.

ಎಲ್ಲರದ್ದೂ ಹೀಗೇ ತೋರಿಸಿತಲ್ಲ ಎಂದು ಅವನು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕರೆಂಟಿನ ಮರ್ಮ ಬಲ್ಲವನು ಕಂಬಳಿ ಸರಿಪಡಿಸುತ್ತ ನುಡಿದ: "ಮಿಷಿನ್ ಸುಳ್ ಯೋಳಾದಿಲ್ಲ."

"ಅಂಗಾರೆ ಸುರಿ."

ಸುರಿದ. ಚರಂಡಿಯ ಪಕ್ಕ ಮಲಗಿದ್ದ ನಾಯಿ ಎದ್ದು ಬಂದು, ಕಣ್ಣು ಮುಚ್ಚಿಕೊಂಡು, ಕೆಸರು ಬಿಟ್ಟು ಹಾಲಷ್ಟನ್ನೇ ನೆಕ್ಕಿತು. ಆ ಬೆಳಿಗ್ಗೆ ಊರಿನಲ್ಲಿ ಹಾಲನ್ನು ಸರಿಯಾಗಿ ಪರೀಕ್ಷೆ ಮಾಡಿದ್ದು ಅದೊಂದೇ. ಪುಟ್ಟಮಾದಿ ಖಾಲಿ ಕ್ಯಾನನ್ನು ಸೆರಗಿನಿಂದ ಒರೆಸಿಕೊಂಡು ಹೋದಳು.

ಅಂದು ಸಂಜೆಯೊಳಗೆ ಚಹಾದಂಗಡಿಯಲ್ಲಿ ಅವಳ ಹೆಸರು ನೀರ್ಮಾದಿ ಆಯಿತು. ಕಟ್ಟಿಗೆ ಹೊತ್ತು ಬೀದಿಯಲ್ಲಿ ಬಂದರೆ ಮಕ್ಕಳು ಹಾಗೇ ಕೂಗುತ್ತಿದ್ದವು. ಹಾಲಿಗೆ ನೀರು ಹಾಕದೆ ಒಂದು ದಿನವೂ ಇರದ ನಂಜುಂಡಮ್ಮ ಕೂಡ "ಎಂತಾ ಎಂಗ್ಸು ನೋಡು, ಅಸ ಕೊಟ್ಟೋರ್ ಕಣ್ಗೇ ನೀರ್ ಬುಟ್ಲು" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಪೋಡಿನ ಹಾಲೇ ಬೇಡವೆಂದು ಸಂಘ ಹೇಳಿತು. ಬರಬೇಕೆಂದಿದ್ದ ನಾಲ್ಕು ಮನೆಯವರು ಪಾತ್ರೆಗಳನ್ನು ಮಗುಚಿಟ್ಟರು.

ಚಿಕ್ಕಮಾದಯ್ಯನ ಮನೆಯಲ್ಲಿ ಕೂಸು ಹೊಸ ಹಾಲನ್ನು ಕುಡಿಯಲಿಲ್ಲ, ಉಗಿಯಿತು. "ಅದ್ಕೂ ಗೊತ್ತಾಯ್ತದೆ, ನಿಂಗೆ ಗೊತ್ತಾಗಾದಿಲ್ಲ" ಎಂದಳು ಮಹಾಲಿಂಗಮ್ಮ. ಒಂದು ಸಂಜೆ ಅವನು ಪುಟ್ಟಮಾದಿಗೆ ಒಂದು ಮಾತು ಹೇಳಿಬರಬೇಕೆಂದು ಹೊರಟ. ಅರ್ಧ ದಾರಿಯಿಂದ ವಾಪಸು ಬಂದು "ಆನೆ ಅವೆ" ಎಂದ. ಆನೆಗಳು ಆ ದಿನವೆಲ್ಲ ದೂರದ ತಾಳಮಲೆಯ ಕಡೆಗಿದ್ದವು.

ಇತ್ತ ಕೆಳಗಿನ ಡೈರಿಯವರಿಗೆ ತಲೆ ಕೆಟ್ಟಿತು. ಸಂಘದಿಂದ ಬರುವ ಲೆಕ್ಕದ ಪ್ರಕಾರ ಊರಿಗೆ ಊರೇ ನೀರು ಕಳಿಸುತ್ತಿದೆ, ಕ್ಯಾನು ತೆರೆದರೆ ಎಂದಿನ ಹಾಗೆ ಹಾಲಿದೆ. ಮಿಷಿನ್ನು ನೋಡಲು ಒಬ್ಬ ಇಂಜಿನಿಯರನ್ನು ಕಳಿಸಿದರು. ಅವನು ಕಂಬಳಿ ತೆಗೆಸಿದ, ವಿಭೂತಿ ಒರೆಸಿದ, ಬೀಸುವ ಕಲ್ಲನ್ನು ಒಮ್ಮೆ ನೋಡಿ ಏನೂ ಹೇಳದೆ ಕಣ್ಣು ಮುಚ್ಚಿ ತೆರೆದ. ಮಿಷಿನ್ನಿನ ಕೊಳವೆಯೊಳಗಿಂದ ಹಳದಿ ಗಡ್ಡೆಯೊಂದನ್ನು ಕಡ್ಡಿಯಲ್ಲಿ ಮೀಟಿ ತೆಗೆದ.

"ಎನ್ನ ಪಾಲಯ್ಯಾ ಊತ್ತಿನೀಂಗ?" ಯಾವ ಹಾಲು ಹುಯ್ದಿರಿ ಎಂದು ಕೇಳಿದ.

"ಮೀಸಲು ಸಾರ್. ಪಸು ಕನ್ನು ಪೋಟ್ಟದು. ಮೊದಲ್ ಪಾಲ್" ಎಂದ ಚಿಕ್ಕಮಾದಯ್ಯ, ಇನ್ನೂ ಹೆಮ್ಮೆಯಿಂದಲೇ.

"ಸೀಂಬಾಲಾ!" ಗಿಣ್ಣುಹಾಲಾ ಎಂದು ಇಂಜಿನಿಯರು ಹಣೆ ಹಣೆ ಬಡಿದುಕೊಂಡು ನಕ್ಕ. ಗಿಣ್ಣೇ ಹಾಲೆಂದು ಕಲಿತ ಮಿಷಿನ್ನಿಗೆ ಲೋಕದ ಹಾಲೆಲ್ಲ ನೀರಾಗಿ ಕಾಣದೆ ಇನ್ನೇನಾಗುತ್ತದೆ ಎಂದು ಅರ್ಧ ತಮಿಳು ಅರ್ಧ ಕೈಸನ್ನೆಯಲ್ಲಿ ತಿಳಿಸಿದ.

ಊರಿಗೆ ಹಬ್ಬವಾಯಿತು. ಒಂದೇ ಮಾತಿನಲ್ಲಿ ಎಲ್ಲರೂ ಶುದ್ಧರಾಗಿಬಿಟ್ಟಿದ್ದರು, ನೀರು ಹಾಕಿದವರೂ. ಪುಟ್ಟಬಸಪ್ಪ ಮಿಲ್ಲು ಶುರು ಮಾಡುತ್ತೇನೆಂದ. "ನಂಗ್ ಅವತ್ತೇ ಅನ್ಮಾನ" ಎಂದ ದೊಡ್ಡಬೀರಯ್ಯ. ಪುಟ್ಟಮಾದಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಇಂಜಿನಿಯರು ಅರಗು ಕೆರೆದು ತೆಗೆದು, ಇನ್ನು ಸರಿಯಾಗಿ ಮೊದಲಿಂದ ಕೂರಿಸೋಣ, ನೀರು ಸೋಕದ ಹಾಲು ಬೇಕು ಎಂದ. ತಾನು ಬಾಟಲಿಯಲ್ಲಿ ತಂದಿದ್ದ ಹಾಲು ಬಸ್ಸಿನ ಸೆಕೆಗೆ ಮೊಸರಾಗಿತ್ತು. ಬೆಳಗಿನ ಹಾಲೆಲ್ಲ ಆಗಲೇ ಲಾರಿಯಲ್ಲಿ ಬೆಟ್ಟ ಇಳಿದುಹೋಗಿತ್ತು. ಹಸುವನ್ನೇ ತಂದು ಎದುರಿಗೆ ಕರೆಯೋಣವೆಂದು ದೊಡ್ಡಬೀರಯ್ಯನ ಹಸುವನ್ನು ಸಂಘದ ಮುಂದೆ ಕಟ್ಟಿದರು. ಅದು ಪ್ಯಾಂಟು ಹಾಕಿದವನನ್ನು ಕಂಡು ಸೊರೆ ಬಿಡಲಿಲ್ಲ. ಇಂಜಿನಿಯರು ಬಗ್ಗಿ ಕೆಚ್ಚಲು ನೋಡಲು ಹೋದಾಗ ಒದ್ದಿತು. ಅವನು ಮೊಣಕಾಲು ಉಜ್ಜುತ್ತ "ಯಾರ್ ವೀಟ್ಟಿಲೆಯಾವದು ಇರುಕ್ಕಿರ ನಲ್ಲ ಪಾಲ್ ಕೊಂಡು ವಾಂಗಯ್ಯಾ" ಎಂದ. ಯಾರ ಮನೆಯದಾದರೂ ಸರಿ, ಒಳ್ಳೆಯ ಹಾಲು ತನ್ನಿ ಎಂದು ಅದರ ಅರ್ಥ.

ಯಾರೂ ಅಲುಗಲಿಲ್ಲ. ಬಾಗಿಲಿನಲ್ಲಿ ತನ್ನ ಬೀಸುವ ಕಲ್ಲು ಒಯ್ಯಲು ಕಾದು ನಿಂತಿದ್ದ ಮಹಾಲಿಂಗಮ್ಮ ಹೇಳಿದಳು: "ಊರ್ಗೆಲ್ಲ ಗೊತ್ತಿರೋದ ಯಾಕ್ ಉಡುಕ್ತೀರಿ? ಪುಟ್ಟಮಾದಿ ಆಲ್ ತರ್ಸಿ."

ದೊಡ್ಡಬೀರಯ್ಯ ಕೆಮ್ಮಿ, ಚಿಕ್ಕಮಾದಯ್ಯನನ್ನು ಪೋಡಿಗೆ ಅಟ್ಟಿದ. ಈ ಸಲ ದಾರಿಯಲ್ಲಿ ಆನೆ ಸಿಗಲಿಲ್ಲ. "ಇಂಜಿನಿಯರು ಕರೀತಾವ್ರೆ, ಆಲ್ ತಕ್ಕಂಡ್ ಬರ್ಬೇಕಂತೆ" ಎಂದಷ್ಟೇ ಹೇಳಿದ.

ಪುಟ್ಟಮಾದಿ ಬಂದಳು. ಎರಡು ಮಾರು ಹಿಂದೆ ನಿಲ್ಲಲಿಲ್ಲ. ಬಾಗಿಲ ಹತ್ತಿರ, ಮಿಷಿನ್ನಿನ ಎದುರಿಗೇ ನಿಂತಳು.

"ಉಯ್ಯಮ್ಮಿ" ಎಂದ ದೊಡ್ಡಬೀರಯ್ಯ.

"ಯಾಕೆ?"

"ಮಿಷಿನ್ ಸರಿ ಮಾಡ್ಬೇಕಂತೆ. ನೀರ್ ಬೆರೀದ ಆಲ್ ಬೇಕಂತೆ."

"ನೀರ್ ಬೆರೀದ್ದು. ನಂದು."

ನಂಜುಂಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಯಾರಿಗೂ ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ.

"ಅವತ್ತು ನೀರು ಅಂತ ಯೋಳಿದ್ಯಾರು?" ಎಂದಳು ಪುಟ್ಟಮಾದಿ.

"ಮಿಷಿನ್ ಕಣಮ್ಮಿ, ನಾವಾ?"

ಚಿಕ್ಕಮಾದಯ್ಯ ಮುಂದೆ ಬಂದ. ಕೈ ಎಲ್ಲಿಡಬೇಕೆಂದು ತಿಳಿಯದೆ ತಿರುಪಿನ ಮೇಲಿಟ್ಟ, ಇಂಜಿನಿಯರು ಅದನ್ನು ತೆಗೆದುಹಾಕಿದ.

"ತಪ್ಪು ನಂದು ಪುಟ್ಟಮಾದಿ. ಮಿಷಿನ ಕೆಡ್ಸಿದೋನು ನಾನು. ಅವತ್ತು ಎಲ್ರ ಆಲ್ಗೂ ಮುಳ್ಳು ಅಂಗೇ ಬಿತ್ತು, ಅಧ್ಯಕ್ಷರ್ದೂ ಸೇರಿ. ನಿನ್ ಆಲು ಚೆಂದಾಗಿತ್ತು. ನಂಗೊತ್ತಿತ್ತು."

ದೊಡ್ಡಬೀರಯ್ಯ "ಲೇ" ಎಂದ. ಆದರೆ ಮಾತು ಆಗಲೇ ಹೊರಬಿದ್ದಿತ್ತು.

ಪುಟ್ಟಮಾದಿ ಚಿಕ್ಕಮಾದಯ್ಯನ ಕಡೆಗೆ ತಿರುಗಿದಳು.

"ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುರ್ದಾ." ಅವಳ ಮಾತಿನ ಕೊನೆಯಲ್ಲಿ ಈ ಸಲ ಬುದ್ದಿ ಎಂಬ ಮರ್ಯಾದೆಯ ಮಾತು ಇರಲಿಲ್ಲ. "ತಿಳೀದೆ ಸುರ್ದ ಅನ್ಕಂಡಿದ್ದೆ. ಪೋಡಲ್ಲಿ ಎಲ್ರುಗೂ ಅಂಗೇ ಯೋಳಿದ್ದೆ. ಪಾಪ, ಅವಯ್ಯಂಗೆ ತಿಳೀದು ಅಂತ."

ಹೇಳಿ ಹಗುರಾಗಬೇಕೆಂದುಕೊಂಡಿದ್ದ ಚಿಕ್ಕಮಾದಯ್ಯ ಹೇಳಿದ ಮೇಲೆ ಇನ್ನೂ ಕುಸಿದ.

ಇಂಜಿನಿಯರಿಗೆ ಈ ಮಾತುಕತೆ ಅರ್ಥವಾಗಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿದೆ ಎಂದು ಗಡಿಯಾರ ತೋರಿಸಿದ. ದೊಡ್ಡಬೀರಯ್ಯ ದನಿ ಮೃದು ಮಾಡಿಕೊಂಡ. ಅಷ್ಟು ಮೃದುವಾದ ದನಿ ಅವನಲ್ಲಿದೆಯೆಂದು ಊರಿಗೆ ಅಂದೇ ಗೊತ್ತಾದದ್ದು.

"ಆಯ್ತಲ್ಲ ತಾಯಿ. ಎಲ್ರ ಮುಂದೆ ಇವ ತಪ್ಪಾಯ್ತು ಅಂದ್ನಲ್ಲ. ನಾಳೆಯಿಂದ ನೀನೂ ಆಲ್ ತಕ್ಕಂಡ್ ಬಾ, ನಿಮ್ ಪೋಡೋರೂ ಬರ್ಲಿ. ಈಗ ಉಯ್ಯಿ, ಒಂದ್ ಲೋಟ ಸಾಕು."

ಇಂಜಿನಿಯರು ಮಿಷಿನ್ನಿನ ಬಾಯಿ ತೆರೆದು ಹಿಡಿದ. ಊರೆಲ್ಲ ಅವಳ ಕೈಯನ್ನೇ ನೋಡುತ್ತಿತ್ತು.

"ಗೊತ್ತಿದ್ದೂ ಸುರ್ದೋರ್ಗೆ ಮಿಷಿನ್ ಯಾಕೆ? ಉಯ್ಯಾದಿಲ್ಲ" ಎಂದಳು ಪುಟ್ಟಮಾದಿ.